ಸೆರೆಯಾಳುಗಳ ಸಾಲಿನ ಕೊನೆಯಲ್ಲಿ ನಿಂತ ಮೇಷ್ಟ್ರು

ಕಂಪ್ಯೂಟರ್ ಪರದೆಯ ಮೇಲೆ ಆ ಕೆತ್ತನೆಯ ಗೋಡೆ ಮೊದಲ ಸಲ ಪೂರ್ತಿಯಾಗಿ ಮೂಡಿದಾಗ ಅದರ ಕೆಳಸಾಲಿನಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ.

ಮೇಲಿನ ಸಾಲು ಸರಿಯಾಗಿಯೇ ಬಂದಿತ್ತು. ಪ್ರಾಚೀನ ಅಸ್ಸೀರಿಯಾದ ರಾಜ ರಥದಲ್ಲಿ ನಿಂತಿದ್ದ. ಅವನ ಗಡ್ಡದ ಸುರುಳಿಗಳು, ಕುದುರೆಗಳ ಹಣೆಯ ಗೊಂಡೆ, ಹಿಂದಿನಿಂದ ಕೊಡೆ ಹಿಡಿದ ಸೇವಕನ ಬೆರಳುಗಳು, ಎಲ್ಲ ಎಣಿಸುವಷ್ಟು ಸ್ಪಷ್ಟವಾಗಿದ್ದವು. ಕೆಳಗೆ, ಸೋತ ಊರಿನ ಜನ ಸೆರೆಯಾಗಿ ನಡೆದುಹೋಗಬೇಕಿದ್ದ ಕಡೆ, ಕಲ್ಲು ಸಾರಿಸಿದ ನೆಲದ ಹಾಗೆ ನುಣ್ಣಗಿತ್ತು. ಎತ್ತಿನ ಗಾಡಿ ಇತ್ತು. ಗಾಡಿಯ ಮೇಲೆ ಗಂಟುಮೂಟೆಗಳಿದ್ದವು. ಹೊಡೆಯುವವನಿರಲಿಲ್ಲ. ಖರ್ಜೂರದ ಮರಕ್ಕೆ ಬೀಳಲಿದ್ದ ಕೊಡಲಿಯ ಅರ್ಧ ಮಾತ್ರ ಗಾಳಿಯಲ್ಲಿ ನಿಂತಿತ್ತು.

ಜಪಾನಿನ ಕಾವಾಸಾಕಿಯ ಕಚೇರಿಯ ಆ ಕೋಣೆಯಲ್ಲಿ ನಾವು ನಾಲ್ವರಿದ್ದೆವು. ಬೆಂಗಳೂರಿನ ಕಂಪನಿಯೊಂದರಿಂದ ಇಲ್ಲಿಗೆ ಬಂದ ನಾನು. ನನ್ನ ಜೊತೆಗೇ ಬಂದಿದ್ದ, ಈ ಪ್ರೋಗ್ರಾಮನ್ನು ಬರೆದ ಸಹೋದ್ಯೋಗಿ. ಪ್ರದರ್ಶನವನ್ನು ಕಟ್ಟುತ್ತಿದ್ದ ಸಂಸ್ಥೆಯ ವಿಭಾಗ ಮುಖ್ಯಸ್ಥರು, ಅವರನ್ನು ನಾವು ಹುದ್ದೆಯಿಂದಲೇ ಕಾಚೋ-ಸಾನ್ ಎಂದು ಕರೆಯುತ್ತಿದ್ದೆವು. ಮತ್ತು ಒಬ್ಬಳು ಸಂಶೋಧಕಿ. ಅವಳು ವಾಕೋ ಊರಿನ ಒಂದು ಪ್ರಯೋಗಾಲಯದಲ್ಲಿ ಇದ್ದುಕೊಂಡು ಹಳೆಯ ಕಲ್ಲುಗಳ ಮೇಲೆ ಉಳಿದ ಬಣ್ಣದ ಕಣಗಳನ್ನು ಪರೀಕ್ಷಿಸುತ್ತಿದ್ದಳು. ಹುಟ್ಟಿ ಬೆಳೆದದ್ದು ಇರಾಕಿನ ಮೊಸೂಲ್‌ನಲ್ಲಿ. ಈ ಗೋಡೆ ಇದ್ದದ್ದು ಅದೇ ಊರಿನ ಅಂಚಿನ ಒಂದು ದಿಬ್ಬದ ಮೇಲೆ, ತಗಡಿನ ಚಾವಣಿಯ ಕೆಳಗೆ. ಕಪ್ಪು ಬಾವುಟದ ಉಗ್ರರು ಆ ಊರನ್ನು ಹಿಡಿದುಕೊಂಡಿದ್ದ ವರ್ಷಗಳಲ್ಲಿ ಸುತ್ತಿಗೆಯಿಂದಲೂ ಡ್ರಿಲ್ಲಿನಿಂದಲೂ ಅದನ್ನು ಒಡೆದರು. ಈಗ ಅಲ್ಲಿರುವುದು ಚೂರುಗಳ ರಾಶಿ.

ನಮ್ಮ ಕೆಲಸ ಇಷ್ಟು. ಒಡೆಯುವ ಮೊದಲು ಯಾರ್ಯಾರೋ ತೆಗೆದ ಫೋಟೋಗಳನ್ನು ಕೂಡಿಸಿ, ಬೇರೆ ಬೇರೆ ಕೋನಗಳಿಂದ ಒಂದೇ ಬಿಂದುವನ್ನು ಗುರುತಿಸಿ, ಕಲ್ಲಿನ ಉಬ್ಬುತಗ್ಗುಗಳನ್ನು ಲೆಕ್ಕ ಹಾಕಿ, ಗೋಡೆಯನ್ನು ಮತ್ತೆ ಕಟ್ಟುವುದು. ಪ್ರವಾಸಿಗಳ ಫೋಟೋ ಎಂದರೆ ಗೋಡೆಯ ಮುಂದೆ ಜನ ಇದ್ದೇ ಇರುತ್ತಾರೆ. ಅವರನ್ನು ಮೊದಲು ಅಳಿಸಬೇಕು. ಅದಕ್ಕೆ ನಾವು ಮಾಸ್ಕ್ ಹಾಕುವುದು ಎನ್ನುತ್ತೇವೆ. ಯಾವುದು ಮನುಷ್ಯ ಎಂಬುದನ್ನು ಯಂತ್ರವೇ ಹುಡುಕಿ ಅಳಿಸುತ್ತದೆ.

ಸಹೋದ್ಯೋಗಿ ಪರದೆಯ ಹತ್ತಿರ ಬಗ್ಗಿ ನೋಡಿದ. "ಅಯ್ಯೋ. ಕಲ್ಲಲ್ಲಿರೋರನ್ನೂ ಪರ್ಸನ್ ಅಂತ ಡಿಟೆಕ್ಟ್ ಮಾಡ್ಬಿಟ್ಟಿದೆ ಮೇಡಂ. ಎಲ್ರನ್ನೂ ಗುಡಿಸಿ ಹಾಕಿದೆ."

"ರಾಜ ಮಾತ್ರ ಹೇಗೆ ಉಳ್ಕೊಂಡ?" ಎಂದೆ.

"ರಥ, ಕೊಡೆ ಎಲ್ಲಾ ಇದ್ಯಲ್ಲ. ಮಾಡೆಲ್‌ಗೆ ಅವ್ನು ಮನುಷ್ಯ ಅಂತ ಅನ್ಸಿಲ್ಲ. ವಿಐಪಿ ಬಿಡಿ." ಅವನು ನಕ್ಕ. ಆಮೇಲೆ ಮೊಸೂಲಿನವಳ ಮುಖ ನೋಡಿ ನಗು ನಿಲ್ಲಿಸಿ, ಇಂಗ್ಲಿಷಿನಲ್ಲಿ ಸಾರಿ ಎಂದ.

ಏನು ನಡೆಯಿತೆಂದು ನಾನು ಅವಳಿಗೆ ವಿವರಿಸಿದೆ. ಅವಳು ಕೇಳಿಸಿಕೊಂಡು, "ಪರವಾಗಿಲ್ಲ. ನಮ್ಮೂರಲ್ಲಿ ಇದು ಮೊದಲ ಸಲವೇನೂ ಅಲ್ಲ," ಎಂದಳು. ನಮ್ಮಿಬ್ಬರ ನಡುವೆ ಇಂಗ್ಲಿಷ್ ಮತ್ತು ಅರೆಬರೆ ಜಪಾನಿ ನಡೆಯುತ್ತಿತ್ತು. ಅವಳ ಮಾತುಗಳನ್ನು ನನಗೆ ನೆನಪಿರುವ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಾಚೋ-ಸಾನ್ ಎದ್ದು ನಿಂತು, ತಪ್ಪು ಅವರದ್ದಲ್ಲದಿದ್ದರೂ, ಅವಳಿಗೆ ಬಗ್ಗಿ ಸುಮಿಮಾಸೆನ್, ಕ್ಷಮಿಸಿ, ಎಂದರು.

ಕೆಳಸಾಲಿನ ಫೋಟೋಗಳಿಗೆ ಕೈಯಿಂದಲೇ ಮಾಸ್ಕ್ ಹಾಕಬೇಕೆಂದು ಅಂದು ತೀರ್ಮಾನವಾಯಿತು. ಆ ಕೆಲಸ ನನ್ನ ಪಾಲಿಗೆ ಬಂತು.

ಶುರುಮಾಡಿದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಪ್ರವಾಸಿಗಳೆಲ್ಲ ರಾಜನ ಫೋಟೋ ತೆಗೆದಿದ್ದರು. ಕೆಳಸಾಲು ಅವರ ಚೌಕಟ್ಟಿನ ಹೊರಗೇ ಉಳಿದಿತ್ತು. ಅಗೆತದ ಕಾಲದ ಹಳೆಯ ರೇಖಾಚಿತ್ರವೊಂದು ಸಿಕ್ಕಿತು. ಅದರಲ್ಲೂ ಕೆಳಸಾಲು ಮುಕ್ಕಾಲು ಭಾಗದವರೆಗೆ ಬಂದು ನಿಂತುಹೋಗಿತ್ತು. ಇಡೀ ಕೆಳಸಾಲು ಚೌಕಟ್ಟಿನೊಳಗೆ ಬಂದಿದ್ದದ್ದು ಒಂದೇ ಒಂದು ಕಟ್ಟಿನಲ್ಲಿ. ಅವು ಅವಳು ಮನೆಯಿಂದ ತಂದಿದ್ದ ಶಾಲಾ ಪ್ರವಾಸದ ಫೋಟೋಗಳು.

ಅವಳ ಅಪ್ಪ ಭೂಗೋಳದ ಮೇಷ್ಟ್ರು. ಪ್ರತಿ ವಸಂತದಲ್ಲಿ ಒಂದು ತರಗತಿಯ ಮಕ್ಕಳನ್ನು ಬಸ್ಸಿನಲ್ಲಿ ಆ ದಿಬ್ಬಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಗೋಡೆಯ ಚಪ್ಪಡಿಗಳನ್ನು ಸಿಮೆಂಟಿನ ಕಟ್ಟೆಯ ಮೇಲೆ ನಿಲ್ಲಿಸಿದ್ದರು. ಮಕ್ಕಳು ಕಟ್ಟೆಯ ಅಂಚಿನಲ್ಲಿ ಸಾಲಾಗಿ ಕೂರುವುದು, ಮೇಷ್ಟ್ರು ಬಲಗಡೆಯ ತುದಿಯಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಲ್ಲುವುದು, ಜೊತೆಗೆ ಬಂದ ಇನ್ನೊಬ್ಬ ಮೇಷ್ಟ್ರು ಎದುರು, ಎಡ, ಬಲ ಎಂದು ಓಡಾಡಿ ಕೆಲವು ಫೋಟೋ ತೆಗೆಯುವುದು. ಪ್ರತಿ ವರ್ಷ ಹೀಗೆಯೇ. ಒಂದು ಫೋಟೋದಲ್ಲಿ ಅವಳೂ ಇದ್ದಾಳೆ. ಎರಡು ಜಡೆ, ಬಿಳಿ ಕಾಲರು, ಬಿಸಿಲಿಗೆ ಮುಚ್ಚಿದ ಒಂದು ಕಣ್ಣು.

ಮಕ್ಕಳ ತಲೆ ಕೆಳಸಾಲಿನ ಪಾದಗಳವರೆಗೂ ಬರುತ್ತಿರಲಿಲ್ಲ. ಹಾಗಾಗಿ ಅವರಿಂದ ತೊಂದರೆಯಿರಲಿಲ್ಲ. ಮೇಷ್ಟ್ರ ಸೊಂಟದಿಂದ ಭುಜದವರೆಗಿನ ಎತ್ತರದಲ್ಲಿ ಸೆರೆಯಾಳುಗಳು ನಡೆಯುತ್ತಿದ್ದರು.

ಮಾಸ್ಕ್ ಹಾಕುವುದೆಂದರೆ ಚಿತ್ರವನ್ನು ತುಂಬ ದೊಡ್ಡದು ಮಾಡಿಕೊಂಡು, ಮನುಷ್ಯನ ಅಂಚಿನ ಉದ್ದಕ್ಕೂ ಗೆರೆ ಎಳೆಯುತ್ತ ಹೋಗುವುದು. ಕಿವಿಯ ಹಿಂದೆ ಹೋಗಬೇಕು, ಕಾಲರಿನ ಮಡಿಕೆಯಲ್ಲಿ ಇಳಿಯಬೇಕು, ಬೆರಳಿನ ಸಂದುಗಳನ್ನು ಬಿಡಬಾರದು. ಒಂದು ಚಳಿಗಾಲವಿಡೀ ನಾನು ಆ ಒಬ್ಬ ಮನುಷ್ಯನ ಅಂಚಿನಲ್ಲಿ ಗೆರೆ ಎಳೆದೆ. ಅವರ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು. ಗಡಿಯಾರದ ಪಟ್ಟಿ ಸಡಿಲ, ಡಯಲು ಮಣಿಕಟ್ಟಿನ ಒಳಗಡೆಗೆ ಜಾರಿರುತ್ತಿತ್ತು. ಮೊದಲಿನ ಫೋಟೋಗಳಲ್ಲಿ ಮೀಸೆ ಕಪ್ಪು. ಆಮೇಲಿನವುಗಳಲ್ಲಿ ಬಿಳಿ, ಸ್ವೆಟರಿನ ಒಳಗೆ ಹೊಟ್ಟೆ. ಹಿಂದಿನ ಕಲ್ಲಿನಲ್ಲಿ ಬದಲಾವಣೆಯಿಲ್ಲ. ಹೀಗೆ ಒಬ್ಬ ಅಪರಿಚಿತನ ಮೈಯನ್ನು ಅಷ್ಟು ಕಾಲ ನೋಡುವ ಸಂದರ್ಭ ಬದುಕಿನಲ್ಲಿ ಬರುವುದಿಲ್ಲ. ಮನೆಯವರನ್ನೂ ನಾನು ಅಷ್ಟು ನೋಡಿಲ್ಲ.

ವಾರಕ್ಕೊಮ್ಮೆ ಅವಳು ಕಾವಾಸಾಕಿಗೆ ಬರುತ್ತಿದ್ದಳು. ಕೆಳಗಿನ ಕೊಂಬಿನಿ ಅಂಗಡಿಯಿಂದ ಇಬ್ಬರಿಗೂ ಕಾಫಿ ತಂದು, ನನ್ನ ಕುರ್ಚಿಯ ಪಕ್ಕ ಕೂತು, ನಾನು ಅವಳ ಅಪ್ಪನನ್ನು ಅಳಿಸುವುದನ್ನು ನೋಡುತ್ತಿದ್ದಳು. ಮೊದಲ ಸಲ ನಾನು ಮೌಸ್ ಬಿಟ್ಟು ಕೂತೆ.

"ಮಾಡು, ಮಾಡು. ಅಪ್ಪ ಒಂದು ಕಡೆ ನಿಂತರೆ ಅಲುಗಾಡುವವರಲ್ಲ. ನೀನೇ ಸುತ್ತಿಬಳಸಿ ಹೋಗಬೇಕು," ಎಂದಳು.

ಕಪ್ಪು ಬಾವುಟದವರು ಅಪ್ಪನನ್ನು ಕರೆದುಕೊಂಡು ಹೋದ ದಿನದ ಸಂಗತಿಯನ್ನೂ ಹಾಗೆ ಕಾಫಿ ಕುಡಿಯುತ್ತಲೇ ಹೇಳಿದಳು. ಬಿಳಿ ಕಾರಿನಲ್ಲಿ ಇಬ್ಬರು ಬಂದರು. ಒಬ್ಬ ಅವರ ಹಳೆಯ ವಿದ್ಯಾರ್ಥಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಮೇಷ್ಟ್ರೇ, ಸ್ವಲ್ಪ ಮಾತಾಡುವುದಿದೆ ಎಂದ. ಅಪ್ಪ ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಹೋದರು. ಆಗ ಅವಳು ಜಪಾನಿಗೆ ಬಂದು ಒಂದು ವರ್ಷವಾಗಿತ್ತು. ಊರಿನ ದಕ್ಷಿಣಕ್ಕೆ ಒಂದು ಆಳವಾದ ಕುಳಿಯಿದೆ, ಅಲ್ಲಿ ಎಷ್ಟೋ ಜನರನ್ನು ಹಾಕಿದ್ದಾರೆ, ತೆಗೆಯುವ ಕೆಲಸ ನಿಧಾನಕ್ಕೆ ನಡೆಯುತ್ತಿದೆ ಎಂದಳು. ಅಮ್ಮ ಈಗ ಎರ್ಬಿಲ್‌ನಲ್ಲಿ ಅಕ್ಕನ ಮನೆಯಲ್ಲಿದ್ದಾರೆ. ಮೂಳೆಗಳ ಜೊತೆ ಹೋಲಿಸಲು ಮನೆಯವರೆಲ್ಲ ರಕ್ತ ಕೊಟ್ಟಿದ್ದಾರೆ. ಏನೂ ಗೊತ್ತಾಗಿಲ್ಲ. ಅಪ್ಪ ಸತ್ತರು ಎಂಬ ಮಾತನ್ನು ಅವರ ಮನೆಯಲ್ಲಿ ಯಾರೂ ಆಡುವುದಿಲ್ಲ. ಅವಳೂ ಆಡಿರಲಿಲ್ಲ. ಅಪ್ಪ ಇಲ್ಲ ಎನ್ನುತ್ತಿದ್ದಳು, ಅಷ್ಟೇ. ಮನೆಯಲ್ಲಿಲ್ಲ ಎನ್ನುವ ಹಾಗೆ.

ಪ್ರದರ್ಶನದಲ್ಲಿ ಬೇರೆ ಚಪ್ಪಡಿಗಳೂ ಇದ್ದವು. ರಾಜ ದ್ರಾಕ್ಷಿ ಚಪ್ಪರದ ಕೆಳಗೆ ಮಂಚದ ಮೇಲೆ ಒರಗಿ ಕುಡಿಯುತ್ತಾನೆ, ರಾಣಿ ಎದುರಿಗೆ ಕೂತಿದ್ದಾಳೆ, ಒಬ್ಬ ಹಾರ್ಪು ನುಡಿಸುತ್ತಾನೆ, ಪಕ್ಕದ ಮರದ ಕೊಂಬೆಯಲ್ಲಿ ಸೋತ ರಾಜನ ತಲೆ ತೂಗುತ್ತದೆ. ಇನ್ನೊಂದರಲ್ಲಿ ಇಬ್ಬರು ಬರಹಗಾರರು ಕಡಿದ ತಲೆಗಳ ರಾಶಿಯ ಮುಂದೆ ನಿಂತು ಲೆಕ್ಕ ಬರೆಯುತ್ತಾರೆ. ಕೋಟೆಗೆ ಗಾಲಿಯ ಮೇಲಿನ ದೂಲಗಳನ್ನು ನುಗ್ಗಿಸುವುದು, ಗಾಳಿ ತುಂಬಿದ ತೊಗಲಿನ ಚೀಲ ಅಪ್ಪಿಕೊಂಡು ಸೈನಿಕರು ನದಿ ದಾಟುವುದು. ಸಿಂಹದ ಬೇಟೆಯಂತೂ ಒಂದು ಇಡೀ ಓಣಿಯಷ್ಟು ಉದ್ದ. ಬೋನಿನಲ್ಲಿ ತಂದ ಸಿಂಹವನ್ನು ರಾಜನ ಮುಂದೆ ಬಿಡುತ್ತಾರೆ, ಅವನು ಬಾಣ ಬಿಡುತ್ತಾನೆ. ಬೆನ್ನಿಗೆ ಬಾಣ ಬಿದ್ದ ಸಿಂಹಿಣಿ ಹಿಂಗಾಲನ್ನು ಎಳೆದುಕೊಂಡು ಮುಂದಕ್ಕೆ ಬರುತ್ತದೆ. ಮನೆಯಲ್ಲಿ ನನ್ನ ಒಂಬತ್ತು ವರ್ಷದ ಮಗಳು ಅದನ್ನು ನೋಡಿ, "ಕವಾಯಿಸೋ," ಎಂದಳು. ಅಯ್ಯೋ ಪಾಪ ಎಂದು ಅರ್ಥ. ಆಮೇಲೆ ಅದೇ ಕಲ್ಲಿನ ಮೂಲೆಯ ಬೋನನ್ನು ತೋರಿಸಿ, "ಅಮ್ಮ, ದೇ ಬ್ರಾಟ್ ಇಟ್ ಜಸ್ಟ್ ಟು ಕಿಲ್?" ಎಂದಳು. ಹೌದು ಎಂದೆ. ಕೆತ್ತಿದವನಿಗೆ ಸಿಂಹದ ನೋವು ಚೆನ್ನಾಗಿ ಗೊತ್ತಿತ್ತು. ಮನುಷ್ಯರ ಮುಖಗಳನ್ನು ಮಾತ್ರ ಅವನು ಎಲ್ಲ ಕಡೆಯೂ ಒಂದೇ ತರಹ ಕೆತ್ತಿದ್ದಾನೆ. ಕೊಲ್ಲುವವನದ್ದೂ ಸಾಯುವವನದ್ದೂ ಒಂದೇ ಮುಖ.

ಮೈಸೂರಿನ ಕಡೆ ಬೆಳೆದ ನನಗೆ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಿ ಅಭ್ಯಾಸ. ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾದಾಟ, ಅದರ ಮೇಲೆ ಸತ್ತವನನ್ನು ಅಪ್ಸರೆಯರು ತೋಳು ಹಿಡಿದು ಎತ್ತಿಕೊಂಡು ಹೋಗುವುದು, ತುದಿಯಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕೂತಿರುವುದು. ಈ ಗೋಡೆಯನ್ನೂ ಹಾಗೇ ಓದಲು ಹೋದೆ. ಕೆಳಗಿನವರು ಮೇಲಕ್ಕೆ ಹೋಗುವ ದಾರಿ ಎಲ್ಲೂ ಇರಲಿಲ್ಲ. ಎರಡು ಸಾಲುಗಳ ನಡುವೆ ಒಂದು ದಪ್ಪ ಗೆರೆ ಇತ್ತು. ನಮ್ಮಲ್ಲಿ ಸತ್ತವನಿಗೆ ಕಲ್ಲು ನಿಲ್ಲಿಸುತ್ತಾರೆ. ಇಲ್ಲಿ ಕೊಂದವನು ತನ್ನ ಅರಮನೆಯ ಗೋಡೆಗೆ, ಕಪ್ಪ ತಂದ ದೂತರು ನಡೆಯುವ ದಾರಿಯಲ್ಲಿ, ಓದಲಿ ಎಂದೇ ನಿಲ್ಲಿಸಿಕೊಂಡಿದ್ದ.

ಚಳಿಗಾಲ ಮುಗಿಯುವ ಹೊತ್ತಿಗೆ ಸೆರೆಯಾಳುಗಳು ಒಬ್ಬೊಬ್ಬರಾಗಿ ವಾಪಸು ಬಂದರು. ಗಾಡಿಯವನು, ಹೆಗಲ ಮೇಲೆ ಮೂಟೆ ಹೊತ್ತ ಹೆಂಗಸರು, ಗಾಡಿಯ ಮೇಲೆ ಕೂತ ಇಬ್ಬರು ಮಕ್ಕಳು, ಹಿಂದೆ ದೊಣ್ಣೆ ಎತ್ತಿದ ಸೈನಿಕ. ಬಲತುದಿಯಲ್ಲಿ ಮಾತ್ರ ಒಂದು ಬೂದು ಆಕಾರ ಉಳಿಯಿತು. ಮೇಷ್ಟ್ರು ವರ್ಷವೂ ಒಂದೇ ಜಾಗದಲ್ಲಿ ನಿಂತಿದ್ದರಿಂದ ಅವರ ಬೆನ್ನ ಹಿಂದೆ ಏನಿತ್ತು ಎಂಬುದು ಯಾವ ಫೋಟೋದಲ್ಲೂ ಇರಲಿಲ್ಲ. ಗೋಡೆಯಲ್ಲಿ ಒಬ್ಬ ಮನುಷ್ಯನ ಅಳತೆಯ ತೂತು.

ಕಾಚೋ-ಸಾನ್ ತಲೆಯನ್ನು ಒಂದು ಕಡೆಗೆ ವಾಲಿಸಿ, ಹಲ್ಲಿನ ಸಂದಿಯಿಂದ ಉಸಿರು ಎಳೆದುಕೊಂಡು, "ಚೊತ್ತೊ..." ಎಂದರು. ಕಷ್ಟ ಎಂದು ಅರ್ಥ. ಪ್ರಾಥಮಿಕ ಶಾಲೆಗಳ ಮಕ್ಕಳು ನೋಡಲು ಬರುವವರಿದ್ದರು. ಪೂರ್ತಿ ಗೋಡೆ ಬೇಕಿತ್ತು.

ಆಗ ಅವಳು ಹೇಳಿದಳು. "ಅಲ್ಲಿ ಏನಿತ್ತು ಅಂತ ನನಗೆ ಗೊತ್ತು. ಅಲ್ಲಿ ಒಬ್ಬ ತಾಯಿ. ತೊಗಲಿನ ಚೀಲದಿಂದ ಮಗುವಿಗೆ ನೀರು ಕುಡಿಸುತ್ತಿದ್ದಾಳೆ. ಅಪ್ಪ ಪ್ರತಿ ಸಲ ಹೇಳುತ್ತಿದ್ದರು. ಮಕ್ಕಳೇ, ಇವರನ್ನು ಎಷ್ಟು ದೂರ ನಡೆಸಿಕೊಂಡು ಹೋದರೂ ನನ್ನ ಬೆನ್ನ ಹಿಂದೆ ಒಬ್ಬ ಅಮ್ಮ ನೀರು ಕೊಡುತ್ತಿದ್ದಾಳೆ, ಹೆದರಬೇಡಿ ಅಂತ."

ಅಸ್ಸೀರಿಯಾದ ಬೇರೆ ಗೋಡೆಗಳಲ್ಲಿ ಅಂಥ ತಾಯಂದಿರು ನಿಜವಾಗಿಯೂ ಇದ್ದಾರೆ. ಕಾಚೋ-ಸಾನ್ ಮುಖ ಬೆಳಗಿತು. ಅವರ ತಂಡದವರು ಎರಡು ದಿನದಲ್ಲಿ ಒಂದು ರೇಖಾಚಿತ್ರ ಮಾಡಿದರು. ಅವಳು ಅದನ್ನು ಅಮ್ಮನಿಗೆ ಫೋನಿನಲ್ಲಿ ತೋರಿಸಿದಳು. ಅಮ್ಮ, ಹೌದು, ಊಟದ ಹೊತ್ತಿನಲ್ಲೂ ಇದನ್ನೇ ಹೇಳುತ್ತಾರೆ, ಎಂದು ಅತ್ತರಂತೆ. ಗೋಡೆಯ ಆ ಭಾಗವನ್ನು ಅವಳ ಮಾತಿನ ಮೇಲೆ ತುಂಬುವುದೆಂದು ನಿಶ್ಚಯವಾಯಿತು. ಅಲ್ಲಿ ನಿಲ್ಲಲಿದ್ದದ್ದು ಅವಳ ಅಪ್ಪನ ಮಾತು. ಅವರದ್ದೆಂದು ಬೇರೇನೂ ಉಳಿದಿರಲಿಲ್ಲ.

ಅದರ ಮುಂದಿನ ವಾರ ನಾನು ಅಂಚುಗಳನ್ನು ಕೊನೆಯ ಸಲ ಪರಿಶೀಲಿಸುತ್ತಿದ್ದೆ. ಮೇಷ್ಟ್ರ ಮೀಸೆ ಅರ್ಧ ಬಿಳಿಯಾಗಿದ್ದ ಒಂದು ವರ್ಷದ ಫೋಟೋ. ಬೇರೆ ವರ್ಷಗಳಲ್ಲಿ ಅವರ ಬಲತೋಳಿಗೂ ಮೈಗೂ ನಡುವೆ ಸಂದು ಕಾಣುವುದಿಲ್ಲ. ಆ ವರ್ಷ ಮಾತ್ರ, ಯಾರೋ ನಗಿಸಿದರೋ ಏನೋ, ಕೈಯನ್ನು ಸೊಂಟದ ಮೇಲೆ ಇಟ್ಟುಕೊಂಡಿದ್ದರು. ತೋಳಿಗೂ ಮೈಗೂ ನಡುವೆ ಒಂದು ತ್ರಿಕೋನ. ಮಾಸ್ಕ್ ಹಾಕುವಾಗ ಸುಲಭಕ್ಕೆಂದು ಅದನ್ನೂ ಸೇರಿಸಿ ಮುಚ್ಚಿದ್ದೆ. ನಾನು ಅದನ್ನು ತೆರೆದೆ.

ಒಳಗೆ ಕಲ್ಲು ಕಾಣಿಸಿತು. ಕಲ್ಲಿನಲ್ಲಿ ಒಂದು ಪಾದ.

ಅದು ನಡೆಯುವವರ ಪಾದವಾಗಿರಲಿಲ್ಲ. ಹಿಮ್ಮಡಿ ನೆಲಕ್ಕೆ, ಬೆರಳುಗಳು ಮೇಲಕ್ಕೆ, ಮಲಗಿದವನ ಪಾದ. ಕಣಕಾಲಿಗೆ ಹಗ್ಗ ಸುತ್ತಿತ್ತು. ಹಗ್ಗದ ತುದಿ ನೆಲಕ್ಕೆ ಹೊಡೆದ ಒಂದು ಗೂಟಕ್ಕೆ ಹೋಗುತ್ತಿತ್ತು. ತ್ರಿಕೋನದ ಮೇಲಿನ ಮೂಲೆಯಲ್ಲಿ ಇನ್ನೊಬ್ಬನ ಕೈ ಬಗ್ಗಿ ಬಂದಿತ್ತು. ಮುಷ್ಟಿ, ಮುಷ್ಟಿಯಲ್ಲಿ ಗಿಡ್ಡ ಅಲಗು. ಅಷ್ಟೇ ಇದ್ದದ್ದು. ಅಷ್ಟೇ ಸಾಕಾಗಿತ್ತು. ಸೋತ ಊರಿನ ಮುಖಂಡರನ್ನು ನೆಲಕ್ಕೆ ಕಟ್ಟಿ, ಬದುಕಿರುವಾಗಲೇ ಚರ್ಮ ಸುಲಿಯುವ ದೃಶ್ಯವನ್ನು ಆ ರಾಜರು ಕೆತ್ತಿಸಿಕೊಳ್ಳುತ್ತಿದ್ದರು. ಅದಾಗಲೇ ನಾನು ಅಂಥವನ್ನು ಬೇಕಾದಷ್ಟು ನೋಡಿದ್ದೆ. ಪಾದ ಹೀಗೆಯೇ ಇರುತ್ತದೆ, ಗೂಟ ಹೀಗೆಯೇ ಇರುತ್ತದೆ.

ಸಹೋದ್ಯೋಗಿಯನ್ನು ಕರೆದು ತೋರಿಸಿದೆ. ತುಂಬ ಹೊತ್ತು ನೋಡಿದ.

"ಮೇಡಂ, ಇದನ್ನ ಅವ್ರಿಗೆ ತೋರಿಸ್ಬೇಡಿ."

"ತೋರಿಸ್ದೆ?"

"ಏನಾಗುತ್ತೆ? ಒಂದು ಫೋಟೋ. ಡ್ರಾಪ್ ಮಾಡಿದ್ರೆ ಯಾರೂ ಕೇಳಲ್ಲ. ಅಮ್ಮ, ಮಗು, ನೀರು. ಕ್ಲೈಂಟ್ ಖುಷಿ, ಅವ್ರ ತಾಯಿ ಖುಷಿ. ನೀವ್ಯಾಕೆ ಹರಿಶ್ಚಂದ್ರನ ಪಾರ್ಟು ಮಾಡ್ತೀರಾ?"

"ನಾಳೆ ಯಾರಾದ್ರೂ ಅದೇ ಫೋಟೋ ತೆಗೆದು ನೋಡಿದ್ರೆ, ಅವಳು ಸುಳ್ಳು ಹೇಳಿದ್ಲು ಅಂತಾಗುತ್ತೆ ಕಣೋ. ಅವಳಪ್ಪನೂ."

ಅವನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಬಾಗಿಲ ಹತ್ತಿರ ನಿಂತು, "ನಾನೂ ಬರ್ಲಾ ಜೊತೇಲಿ?" ಎಂದ. ಬೇಡ ಎಂದೆ.

ಮರುದಿನ ಮಧ್ಯಾಹ್ನ ವಾಕೋಗೆ ಹೋದೆ. ಅವಳ ಪ್ರಯೋಗಾಲಯದ ಹೊರಗೆ ಒಂದು ಉದ್ದನೆಯ ಮೇಜಿದೆ, ಎಲ್ಲರೂ ಊಟದ ಡಬ್ಬಿ ತೆರೆಯುವ ಜಾಗ. ಊಟದ ಹೊತ್ತು ಮುಗಿದಿತ್ತು. ಮೊದಲು ಬಾಯಲ್ಲಿ ಹೇಳಿದೆ, ಆಮೇಲೆ ಬೇಕಾದರೆ ನೋಡು ಎಂದು ಲ್ಯಾಪ್‌ಟಾಪನ್ನು ಮುಚ್ಚಿಯೇ ಅವಳ ಮುಂದೆ ಇಟ್ಟೆ. ಅವಳು ತೆರೆದಳು.

ನೋಡಿ ಮುಗಿಸಲು ಅವಳಿಗೆ ತುಂಬ ಸಮಯ ಬೇಕಾಗಲಿಲ್ಲ. ಅದೇ ವಿಷಯ ಓದಿದವಳು. ಗೂಟದ ಮೇಲೆ ಬೆರಳಿಟ್ಟಳು, ತೆಗೆದಳು.

"ಬಸ್ಸು ನಿಂತ ಕೂಡಲೇ ಅಪ್ಪ ಒಬ್ಬರೇ ಮುಂದೆ ಓಡುತ್ತಿದ್ದರು," ಎಂದಳು. "ನಾವು ಬಸ್ಸಿನಲ್ಲೇ ಕೂತಿರಬೇಕು. ಅವರು ಅಲ್ಲಿ ಹೋಗಿ ನಿಂತು ಕೈ ಎತ್ತಿದ ಮೇಲೆ ಇನ್ನೊಬ್ಬ ಮೇಷ್ಟ್ರು ನಮ್ಮನ್ನು ಇಳಿಸುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು, ಫೋಟೋಗೆ ಎಷ್ಟು ಆತುರ ನೋಡು ಅಂತ. ನಮ್ಮನ್ನು ವಾಪಸು ಬಸ್ಸು ಹತ್ತಿಸುವವರೆಗೂ ಅಲ್ಲಿಂದ ಕದಲುತ್ತಿರಲಿಲ್ಲ. ನೀರು ಕುಡಿಯೋದಕ್ಕೂ."

ಶಾಲೆಯ ಫೋಟೋಗಳಲ್ಲಿ ಮೇಷ್ಟ್ರು ಯಾವಾಗಲೂ ನಡುವೆ ಇರುತ್ತಾರೆ. ಇವರು ಯಾಕೆ ತುದಿಯಲ್ಲಿ ಎಂದು ಇಡೀ ಚಳಿಗಾಲ ಗೆರೆ ಎಳೆದರೂ ನನಗೆ ಹೊಳೆದಿರಲಿಲ್ಲ.

"ದೊಡ್ಡವಳಾದ ಮೇಲೆ ನೀನು ಅಲ್ಲಿಗೆ ಹೋಗಲಿಲ್ಲವಾ?" ಎಂದು ಕೇಳಿದೆ.

"ಯುದ್ಧ ಬಂತು. ಬೀಗ ಹಾಕಿದರು. ಆಮೇಲೆ ಇನ್ನೊಂದು ಯುದ್ಧ." ಲ್ಯಾಪ್‌ಟಾಪನ್ನು ಮುಚ್ಚಿದಳು. "ಆ ಕಾರಿನಲ್ಲಿ ಬಂದನಲ್ಲ ಹಳೆಯ ವಿದ್ಯಾರ್ಥಿ, ಅವನೂ ಯಾವುದೋ ಒಂದು ಫೋಟೋದಲ್ಲಿ ಕೂತಿರಬೇಕು. ಅವನಿಗೂ ಅಪ್ಪ ಅಡ್ಡ ನಿಂತಿರುತ್ತಾರೆ."

ಕಾಚೋ-ಸಾನ್ ಜೊತೆಗಿನ ಮಾತುಕತೆ ಕಾವಾಸಾಕಿಯಲ್ಲಿ, ಮೊದಲಿನ ಅದೇ ಕೋಣೆಯಲ್ಲಿ ನಡೆಯಿತು. ನಾಲ್ವರೂ ಇದ್ದೆವು. ಅವಳೇ ತ್ರಿಕೋನವನ್ನು ಪರದೆಯ ಮೇಲೆ ಹಾಕಿ, ಏನು ಕಾಣುತ್ತದೆ, ಅದು ಏನು ಎಂದು ಜಪಾನಿಯಲ್ಲಿ ವಿವರಿಸಿದಳು. ತನ್ನ ಹಿಂದಿನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ ಎಂದಳು. ತಾಯಿಯ ಚಿತ್ರ ಹಾಕಬಾರದು. ತ್ರಿಕೋನದಲ್ಲಿ ಕಂಡದ್ದನ್ನು ಸಂಶೋಧನೆಯ ದಾಖಲೆಯಲ್ಲಿ ಇದ್ದ ಹಾಗೆ ಬರೆಯಬೇಕು.

ಕಾಚೋ-ಸಾನ್ ಕೆಳಗೆ ನೋಡುತ್ತ ಕೇಳಿಸಿಕೊಂಡರು. ಆ ಜಾಗವನ್ನು ಬೂದು ಬಣ್ಣದಲ್ಲೇ ಬಿಡಬಹುದೇ ಎಂದು ನಾನು ಕೇಳಿದೆ. ಅದು ಅವರಿಗೆ ಈಗ ಒಪ್ಪಿಗೆಯಾಗುವ ಹಾಗಿತ್ತು.

"ಬೂದು ಬೇಡ," ಎಂದಳು ಅವಳು. "ಅವರನ್ನೇ ಬಿಡಿ. ಮಾಸ್ಕ್ ತೆಗೆಯಿರಿ. ಗೋಡೆ, ಗೋಡೆಯ ಮುಂದೆ ಅವರು, ನಿಂತ ಹಾಗೆಯೇ. ಮಕ್ಕಳು ಬರುತ್ತಾರಲ್ಲ? ಅಲ್ಲಿ ಏನಿತ್ತು ಅಂತ ಕೇಳಿದರೆ, ಒಬ್ಬ ಮೇಷ್ಟ್ರು ಅಡ್ಡ ನಿಂತಿದ್ದರು ಅಂತ ಹೇಳಿ. ಅದು ನಿಜ."

ಕಾಚೋ-ಸಾನ್ ಕನ್ನಡಕ ತೆಗೆದು ಒರೆಸಿದರು. ಆ ಮನುಷ್ಯ ಒಳ್ಳೆಯವರು. ಅವರ ಮುಂದಿನ ಮಾತನ್ನು ಬರೆಯುವಾಗ ಇದನ್ನು ಹೇಳಲೇಬೇಕು. ಪ್ರದರ್ಶನದಲ್ಲಿ ಯಾವುದೇ ವ್ಯಕ್ತಿಯ ಮುಖ ತೋರಿಸಬೇಕಾದರೆ ಆ ವ್ಯಕ್ತಿಯ ಒಪ್ಪಿಗೆ ಬೇಕು ಎಂದರು. ಅವರದೇ ಸಂಸ್ಥೆಯ ನಿಯಮ, ಬದಲಿಸಲು ಬರುವುದಿಲ್ಲ. ವ್ಯಕ್ತಿ ತೀರಿಕೊಂಡಿದ್ದರೆ ಮಕ್ಕಳು ಒಪ್ಪಿಗೆ ಕೊಡಬಹುದು. ಪತ್ತೆಯಿಲ್ಲದವರ ಪರವಾಗಿ ಮಾತ್ರ ಯಾರೂ ಕೊಡುವಂತಿಲ್ಲ. ಯಾಕೆಂದರೆ ಅವರು ವಾಪಸು ಬರಬಹುದು.

ಆಮೇಲೆ ತುಂಬ ಮೆಲ್ಲಗೆ, ಅತ್ಯಂತ ಗೌರವದ ಮಾತುಗಳನ್ನು ಆರಿಸಿಕೊಂಡು, "ಸುಮಿಮಾಸೆನ್. ತಮ್ಮ ತಂದೆಯವರು ತೀರಿಕೊಂಡಿದ್ದಾರೆಯೇ?" ಎಂದು ಕೇಳಿದರು.

ಅವಳು ನನ್ನ ಕಡೆ ನೋಡಿದಳು. ನನ್ನಿಂದ ಏನು ಬೇಕಿತ್ತೋ ನನಗೆ ತಿಳಿಯಲಿಲ್ಲ. ಸಹೋದ್ಯೋಗಿ ತಲೆ ಬಗ್ಗಿಸಿ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ. ಇಲ್ಲ ಎಂದರೆ ಅಪ್ಪ ಗೋಡೆಯ ಮುಂದೆ ನಿಲ್ಲುವುದಿಲ್ಲ. ಹೌದು ಎನ್ನಬೇಕಾದರೆ ಎರ್ಬಿಲ್‌ನಲ್ಲಿ ಅಮ್ಮ ಇದ್ದಾರೆ, ಅಕ್ಕ ಇದ್ದಾಳೆ, ಇನ್ನೂ ತೆಗೆಯುತ್ತಿರುವ ಆ ಕುಳಿ ಇದೆ. ನಾವು ಮೂವರೂ ಕಾಯುತ್ತಿದ್ದೆವು. ನನಗೆ ಎದ್ದು ಹೋಗಬೇಕೆನಿಸಿತು. ಹೋಗಲಿಲ್ಲ.

"ಹಾಯ್," ಎಂದಳು. ಹೌದು ಎಂದು. ನಿಯಮಕ್ಕೆ ಅಷ್ಟು ಸಾಕಿತ್ತು. ಆದರೆ ಅವಳು ಕೈಗಳನ್ನು ತೊಡೆಯ ಮೇಲೆ ಜೋಡಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು, ಪೂರ್ತಿ ವಾಕ್ಯವನ್ನು ಹೇಳಿದಳು. "ಚಿಚಿ ವಾ ನಾಕುನಾರಿಮಾಷಿತಾ." ನನ್ನ ತಂದೆ ತೀರಿಕೊಂಡರು. ಅದನ್ನು ಅವಳು ಅರಬ್ಬಿಯಲ್ಲಿ ಹೇಳಿರಲಿಲ್ಲ, ಇಂಗ್ಲಿಷಿನಲ್ಲಿ ಹೇಳಿರಲಿಲ್ಲ. ಜಪಾನಿ ಕಲಿಯುವ ಮೊದಲ ತರಗತಿಗಳಲ್ಲಿ ಬರುವ ವಾಕ್ಯದ ಹಾಗೆ, ತಪ್ಪಿಲ್ಲದೆ, ನಿಧಾನವಾಗಿ ಹೇಳಿದಳು.

ಕಾಚೋ-ಸಾನ್ ಎದ್ದು ನಿಂತು ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಮತ್ತೆ ಕೂತಾಗ ಅವರಿಗೆ ಕೇಳಲು ಒಂದು ಕೆಲಸದ ಪ್ರಶ್ನೆ ಉಳಿದಿತ್ತು. ಯಾವ ವರ್ಷದ ಫೋಟೋ?

ನಾನು ಎಲ್ಲವನ್ನೂ ಪರದೆಯ ಮೇಲೆ ಹಾಕಿದೆ. ಕಪ್ಪು ಮೀಸೆಯ ತರುಣ, ಸ್ವೆಟರು, ಬಿಳಿ ಮೀಸೆ. ತಾನಿರುವ ವರ್ಷದ್ದನ್ನು ಆರಿಸುತ್ತಾಳೆ ಎಂದುಕೊಂಡಿದ್ದೆ. ಅವಳು ಅದನ್ನು ದಾಟಿ ಮುಂದೆ ಹೋದಳು. ಒಂದೊಂದನ್ನೂ ದೊಡ್ಡದು ಮಾಡಿಸಿ, ಮುಖವನ್ನು ನೋಡದೆ, ತೋಳು ಮೈಗೆ ಸೇರುವಲ್ಲಿ ಮಾತ್ರ ನೋಡುತ್ತ ಬಂದಳು. ಕೊನೆಗೆ ಚಳಿಯಿದ್ದ ಯಾವುದೋ ವರ್ಷದ ಒಂದು ಫೋಟೋ. ಮೇಷ್ಟ್ರು ದಪ್ಪನೆಯ ಕೋಟು ಹಾಕಿಕೊಂಡಿದ್ದರು, ಗುಂಡಿಗಳನ್ನು ಬಿಚ್ಚಿ ಕೋಟಿನ ಎರಡೂ ಅಂಚನ್ನು ಕೈಗಳಿಂದ ಅಗಲಕ್ಕೆ ಹಿಡಿದಿದ್ದರು, ಅಂಗಡಿಯವನು ಬಟ್ಟೆ ತೋರಿಸುವ ಹಾಗೆ. ಮಕ್ಕಳು ಅದನ್ನು ನೋಡಿ ನಗುತ್ತಿದ್ದರು.

"ಇದರಲ್ಲಿ ಹಿಂದಿನದು ಏನಾದರೂ ಕಾಣುತ್ತದೆಯಾ? ಸರಿಯಾಗಿ ನೋಡು," ಎಂದಳು.

ನಾನು ಅಂಚುಗಳ ಉದ್ದಕ್ಕೂ ಹೋದೆ. ಕಾಲರಿನಿಂದ ಭುಜ, ಭುಜದಿಂದ ಮೊಣಕೈ, ಕೋಟಿನ ಅಂಚು, ಬೆರಳುಗಳು, ಕೆಳಗೆ ಕಟ್ಟೆಯವರೆಗೆ. ಇನ್ನೊಂದು ಕಡೆಯೂ ಹಾಗೆಯೇ.

"ಏನೂ ಕಾಣಲ್ಲ," ಎಂದೆ.